ಅಂತೇವಾಸಿಯ ಕ್ಷೇಮ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡು ಬೆಳಕಿಗೆ ತಂದ ಅಶೋಕನ ಶಾಸನವನ್ನು ಮೌರ್ಯರ ರಾಜ್ಯವಿಸ್ತಾರಕ್ಕೆ ಸಾಕ್ಷ್ಯವೆಂದು ನಾವೆಲ್ಲರೂ ಓದಿರುವೆವಾದರೂ, ವಿದ್ಯಾರ್ಥಿಯ ಬಾಳನ್ನು ಕುರಿತು ಈ ನಾಡಿನಲ್ಲಿ ದೊರೆತಿರುವ ಅತಿಪ್ರಾಚೀನ ಲಿಖಿತವಾಕ್ಯಗಳಲ್ಲೊಂದು ಅದರೊಳಗೇ ಇರುವುದು ನಮ್ಮ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆ ಆಜ್ಞೆಯು ಮೊದಲು ಆರೋಗ್ಯವನ್ನು ಹಾರೈಸಿ, ಪ್ರಯತ್ನದ ಫಲವು ದೊಡ್ಡವರಿಗೇ ಮೀಸಲಾದುದಲ್ಲ, ಅಲ್ಪನೂ ಉದ್ಯಮಶೀಲನಾದರೆ ಸ್ವರ್ಗವನ್ನು ಪಡೆಯಬಲ್ಲನೆಂದು ಸಾರಿ, ತಾಯಿತಂದೆಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯ ಇವುಗಳೊಡನೆ ಅಂತೇವಾಸಿಯು, ಎಂದರೆ ಗುರುವಿನ ಬಳಿಯಿದ್ದು ಕಲಿಯುವ ಶಿಷ್ಯನು, ಆಚಾರ್ಯನನ್ನು ಗೌರವಿಸತಕ್ಕದ್ದೆಂದು ವಿಧಿಸಿ, ಇದು ಪುರಾತನವಾದ ನಡೆ, ದೀರ್ಘಾಯುಷ್ಯವನ್ನು ಕೊಡತಕ್ಕದ್ದು ಎನ್ನುತ್ತದೆ. ಆಚಾರ್ಯನು ಅಂತೇವಾಸಿಗೆ ಏನನ್ನು ಸಲ್ಲಿಸಬೇಕೆಂಬುದನ್ನು ಮಾತ್ರ ಲಿಪಿಕಾರ ಚಪಡನು ಬರೆದಿಲ್ಲ.

ಬರೆಯದೆ ಉಳಿದ ಆ ಭಾಗವನ್ನು ನಡೆದು ತೋರಿಸಿದವರು ನೆರೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನವರೇ ಆದ ಕನ್ನಡ ಪ್ರಾಧ್ಯಾಪಕ ವೆಂಕಣ್ಣಯ್ಯನವರು (1885–1939). 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಮೊದಲಾದಾಗ ಅಲ್ಲಿದ್ದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು, ಕುವೆಂಪು, ಡಿ. ಎಲ್. ನರಸಿಂಹಾಚಾರ್ ಅಂಥವರು ಅವರ ಶಿಷ್ಯರು. ಗುರುಗಳು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ ಪ್ರಕಟವಾಗತೊಡಗಿದ 'ಶ್ರೀರಾಮಾಯಣ ದರ್ಶನಂ' ಮಹಾಕಾವ್ಯವನ್ನು ಕುವೆಂಪು ಆ ಗುರುಗಳಿಗೇ ಅರ್ಪಿಸಿದರೆಂದ ಮೇಲೆ ಅವರ ವಾತ್ಸಲ್ಯಕ್ಕೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವುದು ನನಗೆ ಒಗ್ಗದು. ದಿನಕ್ಕೊಂದು ಮನೆಯ ವಾರಾನ್ನವನ್ನುಂಡು ಓದಿದ ಹುಡುಗನಿಗೆ ಅಂಕಗಳ ಚಿಂತೆಗಿಂತ ಹಸಿವಿನ ಚಿಂತೆಯೇ ಮೊದಲಿನದಾಗಿತ್ತು. ಆ ಮನೆಗಳ ಹೊಸ್ತಿಲನ್ನೇ ಮೆಟ್ಟಲಾಗದ ಜಾತಿಯ ಮಕ್ಕಳಿಗಾದರೋ ಆ ಕಷ್ಟವನ್ನು ಪಡುವ ಭಾಗ್ಯವೂ ಇರಲಿಲ್ಲ. ಹೆಣ್ಣುಮಕ್ಕಳ ಮಾತು ಹೇಳಲೇಬೇಕಾಗಿಲ್ಲ.

ಇಂದು ಬಾಗಿಲು ತೆರೆದಿದೆ, ಆದರೆ ಬಹಳ ಕಿರಿದಾಗಿ. ಮೈಸೂರು ಅರಸರು ಕೊಟ್ಟ 371 ಎಕರೆ ನೆಲದಲ್ಲಿ 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯು, ಅಮೃತಮಹಲ್ ದನಗಳು ಮೇಯುತ್ತಿದ್ದ ಚಳ್ಳಕೆರೆಯ ಕುದಾಪುರ ಕಾವಲಿನಲ್ಲಿ ಸುಮಾರು 1,500 ಎಕರೆಯ ಎರಡನೆಯ ಆವರಣವನ್ನು ಹೊಂದಿದೆ. ಇಂಥ ಸಂಸ್ಥೆಗಳ ಪ್ರವೇಶಪರೀಕ್ಷೆಯಲ್ಲಿ ಅಲ್ಪನ ಪ್ರಯತ್ನಕ್ಕೂ ಫಲವುಂಟೆಂಬ ಶಾಸನದ ಭರವಸೆ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ಒಬ್ಬನಿಗೆ ದೊರೆತ ಸ್ಥಾನ ಮತ್ತೊಬ್ಬನಿಗೆ ತಪ್ಪಿದ ಸ್ಥಾನ; ಒಳಹೊಕ್ಕವನಾದರೂ ತನ್ನ ಊರಿನ ಶಾಲೆಗೆ ಮೊದಲಿಗನಾಗಿದ್ದವನು ಮೊದಲಿಗರೇ ತುಂಬಿದ ತರಗತಿಯಲ್ಲಿ ಹಠಾತ್ತನೆ ಸಾಧಾರಣನಾಗಿ, ಅದನ್ನು ಮನೆಗೆ ಬರೆಯಲೂ ನಾಚುತ್ತಾನೆ. ಉನ್ನತ ವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆಯನ್ನು ತಡೆಯುವ ಮಾರ್ಗವನ್ನು ಶೋಧಿಸಲು ಸರ್ವೋಚ್ಚ ನ್ಯಾಯಾಲಯವೇ 2025ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ರವೀಂದ್ರ ಭಟ್ಟರ ನೇತೃತ್ವದಲ್ಲಿ ಕಾರ್ಯಪಡೆಯೊಂದನ್ನು ನೇಮಿಸಬೇಕಾಯಿತು.

ಕುದಾಪುರದ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಶಾಲಾಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳನ್ನು ಕೈಯಾರೆ ಮಾಡಿಸಿ ಕಲಿಸುವ ಸತ್ಕಾರ್ಯವು ನಡೆದಿದೆ. ಅಲ್ಲಿಗೆ ಬರುವ ಶಿಕ್ಷಕರಿಗೆ, ಕುಗ್ಗಿದ ಶಿಷ್ಯನನ್ನು ಗುರುತಿಸುವ, ಅವನ ಬಳಿ ಕುಳಿತು ಕೇಳುವ, ಅಗತ್ಯವಾದರೆ ವೈದ್ಯನಲ್ಲಿಗೆ ಕರೆದೊಯ್ಯುವ ಶಿಕ್ಷಣವನ್ನೂ ಸಂಸ್ಥೆಯವರು ಪಾಠಕ್ರಮದಲ್ಲಿಯೇ ಸೇರಿಸಿ ಕೊಡಲಿ.