ಟ್ಯಾನರಿ ರಸ್ತೆಯ ಚರ್ಮ, ನಮ್ಮ ಕಾಲಿನ ಬೂಟು

ಕಾಲಿಗೆ ಹಾಕುವ ವಸ್ತುವಿಗೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ಕೆರ, ಎಕ್ಕಡ, ಮೆಟ್ಟು, ಜೋಡು, ಚಪ್ಪಲಿ, ಪಾಪೋಸು, ಬೂಟು, ಶೂ. ಪಾಪೋಸು ಪಾರಸಿಯಿಂದ ಬಂದ ಮಾತು. ‘ಪಾ’ ಎಂದರೆ ಕಾಲು, ‘ಪೋಶ್’ ಎಂದರೆ ಹೊದಿಕೆ. ಬೂಟು ಇಂಗ್ಲಿಷರ ದಂಡಿನೊಂದಿಗೆ ಬಂತು. ಹೀಗೆ ನಮ್ಮ ನಾಡನ್ನು ಆಳಿದವರು, ನಾಡಿಗೆ ವ್ಯಾಪಾರಕ್ಕೆ ಬಂದವರು ಎಲ್ಲರೂ ಕಾಲಿಗೊಂದು ಹೆಸರನ್ನು ಬಿಟ್ಟು ಹೋಗಿದ್ದಾರೆ. ಹೆಸರು ಬದಲಾದರೂ ಅದನ್ನು ಹೊಲಿದವನಿಗೆ ಸಮಾಜ ಕೊಟ್ಟ ಜಾಗ ಬದಲಾಗಲಿಲ್ಲ. ಅದು ಊರ ಹೊರಗಿನ ಕೇರಿ.

12ನೇ ಶತಮಾನದ ಕಲ್ಯಾಣದಲ್ಲಿ ಈ ಜಾಗವನ್ನು ಬದಲಿಸುವ ಪ್ರಯತ್ನ ನಡೆಯಿತು. ಚರ್ಮ ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯ, ಪಾದರಕ್ಷೆ ಹೊಲಿಯುತ್ತಿದ್ದ ಹರಳಯ್ಯ ಶರಣರ ಸಾಲಿನಲ್ಲಿ ಕುಳಿತರು. ಹರಳಯ್ಯ ಮತ್ತು ಅವರ ಪತ್ನಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಮನೆಯ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣ ಹೊತ್ತಿ ಉರಿಯಿತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಹೇಳಿಕೊಡುವುದಿಲ್ಲ.

ಇಷ್ಟು ಹಿಂದಿನಿಂದ ಶುರು ಮಾಡಲು ಕಾರಣವಿದೆ. ಇಂದು ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯ ಒಬ್ಬ ಹುಡುಗ ಪದವಿ ಮುಗಿಸಿ ಸಂದರ್ಶನಕ್ಕೆ ಹೊರಟಾಗ ಅವನಿಗೆ ಬೇಕಾಗುವ ಮೊದಲ ವಸ್ತುಗಳಲ್ಲಿ ಒಂದು ಜೊತೆ ಕಪ್ಪು ಚರ್ಮದ ಶೂ ಸೇರಿದೆ. ಮನೆಯಲ್ಲಿ ಅದಕ್ಕೆಂದು ಎರಡು ಸಾವಿರ ರೂಪಾಯಿ ಹೊಂದಿಸುವುದೇ ಕಷ್ಟ. ಕಾಲಲ್ಲಿ ಬೂಟಿದ್ದರೆ ಮಾತ್ರ ಕಚೇರಿಯವರು ಮನುಷ್ಯನನ್ನು ಸರಿಯಾಗಿ ನೋಡುತ್ತಾರೆ ಎಂಬ ಈ ಕಟ್ಟಳೆ ನಮಗೆ ಎಲ್ಲಿಂದ ಬಂತು?

ಕಂಪನಿ ಸರಕಾರದ ಕಾಲದಲ್ಲಿ ಕಟ್ಟಳೆ ಇದಕ್ಕೆ ತದ್ವಿರುದ್ಧವಾಗಿತ್ತು. ಸಾಹೇಬನ ಎದುರು ಹೋಗುವ ಭಾರತೀಯ ಪಾದರಕ್ಷೆ ಕಳಚಿಡಬೇಕಿತ್ತು. ನಮ್ಮಲ್ಲಿ ಮನೆಯೊಳಗೆ, ಮಸೀದಿ-ಮಂದಿರದೊಳಗೆ ಹೋಗುವಾಗ ಪಾದರಕ್ಷೆ ಬಿಡುವುದು ಶುಚಿಯ ಮತ್ತು ಗೌರವದ ಮಾತು. ಬ್ರಿಟಿಷರು ಅದೇ ಪದ್ಧತಿಯನ್ನು ಹಿಡಿದು, ತಾವು ಬೂಟು ಹಾಕಿಕೊಂಡೇ ಇದ್ದು, ಎದುರಿನವನ ಕಾಲನ್ನು ಮಾತ್ರ ಬರಿದು ಮಾಡಿಸಿದರು. 1854ರಲ್ಲಿ ಒಂದು ಸಡಿಲಿಕೆ ಬಂತು. ಯುರೋಪಿಯನ್ ಮಾದರಿಯ ಬೂಟು-ಕಾಲುಚೀಲ ಹಾಕಿದ ದೇಶೀಯರು ಸರಕಾರಿ ಸಮಾರಂಭಗಳಲ್ಲಿ ಅವನ್ನು ಕಳಚಬೇಕಿಲ್ಲ ಎಂದಾಯಿತು. ಅಂದರೆ ಜೋಡು ಹಾಕಿದವನು ಬರಿಗಾಲಲ್ಲಿ ನಿಲ್ಲಬೇಕು, ಬೂಟು ಹಾಕಿದವನು ಬೂಟಿನಲ್ಲೇ ನಿಲ್ಲಬಹುದು! 1862ರಲ್ಲಿ ಸೂರತ್ತಿನ ನ್ಯಾಯಾಲಯದಲ್ಲಿ ಮಾಣೆಕ್‌ಜಿ ಕಾವಸ್‌ಜಿ ಎಂಟಿ ಎಂಬ ಪಾರ್ಸಿ ಗೃಹಸ್ಥರು ಪಾದರಕ್ಷೆ ಕಳಚಲು ಒಪ್ಪದೆ ಹೊರಬರಬೇಕಾಯಿತು. ಕರಿಯ ಬೂಟಿಗೆ ಮರ್ಯಾದೆ ಅಂಟಿಕೊಂಡದ್ದು ಇಂತಹ ಆಜ್ಞೆಗಳಿಂದ. ಇತ್ತ ನಮ್ಮ ಹಳ್ಳಿಗಳಲ್ಲಿ ದಲಿತನು ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದುದೂ ಇದೇ ಬುದ್ಧಿಯ ಇನ್ನೊಂದು ಮುಖ. ಚಪ್ಪಲಿ ಹೊಲಿಯುವ ಕೈಗೆ ಚಪ್ಪಲಿ ಮೆಟ್ಟುವ ಹಕ್ಕಿರಲಿಲ್ಲ.

ಬೆಂಗಳೂರಿಗೆ ದಂಡು ಬಂದದ್ದು 1809ರಲ್ಲಿ. ದಂಡಿದ್ದಲ್ಲಿ ಮಾಂಸ ಬೇಕು, ಬೂಟು ಬೇಕು, ಕುದುರೆಯ ಜೀನು ಬೇಕು. ಕಸಾಯಿಖಾನೆಯ ಚರ್ಮವನ್ನು ಹದ ಮಾಡುವ ಮಂಡಿಗಳು ದಂಡಿನ ಉತ್ತರದ ಅಂಚಿನಲ್ಲಿ, ವಸತಿಯಿಂದ ದೂರದಲ್ಲಿ ನೆಲೆಯೂರಿದವು. ವಾಸನೆ ಬಂಗಲೆಗಳಿಗೆ ತಾಕಬಾರದಲ್ಲ! ಅಲ್ಲಿಂದ ದೇವರಜೀವನಹಳ್ಳಿ, ಕಾಡುಗೊಂಡನಹಳ್ಳಿ ದಾಟಿ ನಾಗವಾರದ ಕಡೆಗೆ ಸಾಗುವ ದಾರಿಗೆ ಟ್ಯಾನರಿ ರಸ್ತೆ ಎಂಬ ಹೆಸರು ಅಂಟಿಕೊಂಡಿತು. ಈಗ ಅದರ ಅಧಿಕೃತ ಹೆಸರು ಡಾ. ಬಿ.ಆರ್. ಅಂಬೇಡ್ಕರ್ ರಸ್ತೆ. ದಾರಿಯಲ್ಲಿ ಪೆರಿಯಾರ್ ನಗರವೂ ಸಿಗುತ್ತದೆ, ಮುಂದೆ ಅರಬಿಕ್ ಕಾಲೇಜೂ ಸಿಗುತ್ತದೆ. ಹದ ಮಾಡುವ ಮಂಡಿಗಳು ಬಹುಪಾಲು ಹೋದವು, ಹೆಸರು ಉಳಿಯಿತು. ನೆಲದಡಿಯ ಮೆಟ್ರೋ ಮಾರ್ಗದ ಒಂದು ನಿಲ್ದಾಣಕ್ಕೂ ಟ್ಯಾನರಿ ರೋಡ್ ಎಂದೇ ಹೆಸರು. ರಸ್ತೆ ನಾಗವಾರದಲ್ಲಿ ಮುಗಿಯುತ್ತಲೇ ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳು ಕಾಣುತ್ತವೆ. ಚರ್ಮ ಹದ ಮಾಡಿದವರ ಬೀದಿ ಒಂದು ತುದಿಯಲ್ಲಿ, ಹೊಳಪಿನ ಶೂ ಇಲ್ಲದೆ ಒಳಗೆ ಹೋಗಲು ಹುಡುಗರು ಅಳುಕುವ ಬಾಗಿಲು ಇನ್ನೊಂದು ತುದಿಯಲ್ಲಿ.

ಹಿಂದೆ ಹದ ಮಾಡುತ್ತಿದ್ದುದು ಹೇಗೆ? ಹಸಿ ಚರ್ಮವನ್ನು ಸುಣ್ಣದ ಗುಂಡಿಯಲ್ಲಿ ನೆನೆಸಿ, ಕೂದಲು ಮತ್ತು ಮಾಂಸ ಹೆರೆದು, ಆವರಿಕೆ ಗಿಡದ ತೊಗಟೆಯ ಕಷಾಯದಲ್ಲಿ ವಾರಗಟ್ಟಲೆ ಇಡಬೇಕಿತ್ತು. ಕೊನೆಗೆ ಅಳಲೆಕಾಯಿಯ ನೀರು. ಹೀಗೆ ಹದವಾದ ದಕ್ಷಿಣದ ಚರ್ಮ ಮದರಾಸಿನ ಬಂದರಿನಿಂದ ಲಂಡನ್ನಿಗೆ ಹೋಗುತ್ತಿತ್ತು. 1914ರಿಂದ 18ರ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳ ಮೇಲ್ಭಾಗಕ್ಕೆ ಇದೇ ಚರ್ಮ ಬಳಕೆಯಾಯಿತು. ಈ ವ್ಯಾಪಾರದಲ್ಲಿ ವಾಣಿಯಂಬಾಡಿ, ಆಂಬೂರು, ಪೇರ್ಣಾಂಬಟ್ಟುಗಳ ಮುಸ್ಲಿಮ್ ವರ್ತಕರದು ದೊಡ್ಡ ಪಾಲು. ಅವರ ನಂಟು ಬೆಂಗಳೂರಿಗೂ ಹರಡಿತ್ತು. ಅವರು ಕಟ್ಟಿಸಿದ ಶಾಲೆ-ಕಾಲೇಜುಗಳ ಬಗ್ಗೆ ನಾವು ಅಭಿಮಾನದಿಂದ ಮಾತನಾಡುತ್ತೇವೆ. ಅದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. ಗದ್ದಿಗೆಯ ಮೇಲೆ ಕುಳಿತು ಲೆಕ್ಕ ಬರೆದವರು ನಮ್ಮವರಾದರೆ, ಸುಣ್ಣದ ಗುಂಡಿಯಲ್ಲಿ ಮೊಣಕಾಲವರೆಗೆ ನಿಂತವರು ಹೆಚ್ಚಾಗಿ ದಲಿತರು. ಅವರ ಬೆರಳುಗಳ ಸ್ಥಿತಿಯನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಡಲಿಲ್ಲ.

20ನೇ ಶತಮಾನದ ಆರಂಭದಲ್ಲಿ ಕ್ರೋಮ್ ಹದ ಬಂತು. ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ ಎಂಬವರು 1884ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು. ತೊಗಟೆಗೆ ವಾರಗಳು ಬೇಕಾದರೆ ಕ್ರೋಮಿಯಮ್ ಲವಣಕ್ಕೆ ಕೆಲವು ದಿನಗಳು ಸಾಕು. ಮದರಾಸಿನಲ್ಲಿ ಇದನ್ನು ನೆಲೆಗೊಳಿಸಿದವರು ಆಲ್ಫ್ರೆಡ್ ಚಾಟರ್ಟನ್. ಸ್ವಾರಸ್ಯವೆಂದರೆ, ಅವರ ಕಣ್ಣು ಮೊದಲು ಬಿದ್ದದ್ದು ರೈತರ ಬಾವಿಯ ಕಪಿಲೆಯ ಮೇಲೆ. ಸದಾ ನೀರಿನಲ್ಲಿ ನೆನೆಯುವ ಕಪಿಲೆಯ ಚರ್ಮದ ಚೀಲಕ್ಕೆ ಕ್ರೋಮ್ ಚರ್ಮ ಹೆಚ್ಚು ಬಾಳಿಕೆ ಬರುತ್ತದೆ ಎಂಬುದು ಅವರ ಲೆಕ್ಕ. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕಾ ನಿರ್ದೇಶಕರಾದರು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನರಾದರು. ಇಂದು ಅಂಗಡಿಯಲ್ಲಿ ಸಿಗುವ ಕಪ್ಪು ಶೂಗಳ ಮೇಲ್ಭಾಗ ಬಹುತೇಕ ಕ್ರೋಮ್ ಹದದ್ದೇ. ಹದ ಬೇಗವಾಯಿತು, ಕೆರೆಗಳಿಗೆ ಮಾತ್ರ ಹೊಸ ವಿಷ ಸೇರಿತು. ಪಾಲಾರ್ ನದಿಯ ಪಾಡನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಗಾಂಧೀಜಿಯ ಹೆಸರನ್ನು ಇಲ್ಲಿ ತರದಿದ್ದರೆ ಕಥೆ ಅಪೂರ್ಣ. ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಚಪ್ಪಲಿ ಹೊಲಿಯಲು ಕಲಿತರು. ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ಕೈಯಾರೆ ಮಾಡಿದ ಒಂದು ಜೊತೆಯನ್ನು 1914ರಲ್ಲಿ ಉಡುಗೊರೆಯಾಗಿ ಕೊಟ್ಟರು. 1927ರ ಬೇಸಿಗೆಯಲ್ಲಿ ಅವರು ಆರೋಗ್ಯಕ್ಕಾಗಿ ನಂದಿಬೆಟ್ಟದಲ್ಲಿ ತಂಗಿದರು, ಬಳಿಕ ಬೆಂಗಳೂರಿಗೆ ಬಂದು ಇಂಪೀರಿಯಲ್ ಡೇರಿಯಲ್ಲಿ ಹೈನುಗಾರಿಕೆಯ ಪಾಠ ಕಲಿತರು. ಗೋರಕ್ಷಣೆಯ ಸಂಸ್ಥೆಗಳು ಹೈನುಗಾರಿಕೆಯ ಜೊತೆಗೆ ಸತ್ತ ದನದ ಚರ್ಮ ಹದ ಮಾಡುವ ಕೆಲಸವನ್ನೂ ನಡೆಸಬೇಕು ಎಂದು ಅವರು ಒತ್ತಿ ಹೇಳುತ್ತಿದ್ದ ಕಾಲವದು. ಗೋವಿನ ಹೆಸರಿನಲ್ಲಿ ಮಾತನಾಡುವವರು ಇಂದು ಹದಗಾರಿಕೆಯ ಮಾತೆತ್ತುವುದಿಲ್ಲ. 2021ರ ಆರಂಭದಲ್ಲಿ ರಾಜ್ಯದ ಹೊಸ ಗೋಹತ್ಯೆ ನಿಷೇಧ ಕಾನೂನು ಜಾರಿಗೆ ಬಂದ ಮೇಲೆ 13 ವರ್ಷ ಮೀರಿದ ಎಮ್ಮೆ-ಕೋಣಗಳಿಗಷ್ಟೇ ವಿನಾಯಿತಿ ಉಳಿಯಿತು. ಕಸಾಯಿಯಿಂದ ಸಮಗಾರನವರೆಗೆ ಈ ಸರಪಳಿಯ ಪ್ರತಿ ಕೊಂಡಿಗೂ ಅದರ ಬಿಸಿ ತಟ್ಟಿತು.

ಬಡವನ ಕಾಲಿಗೆ ಶೂ ತಲುಪಿಸಿದವರಲ್ಲಿ ಬಾಟಾ ಕಂಪನಿಯ ಹೆಸರು ಹೇಳಲೇಬೇಕು. ಜೆಕ್ ದೇಶದ ಈ ಕಂಪನಿ 1931ರಲ್ಲಿ ಭಾರತದಲ್ಲಿ ತನ್ನ ಸಂಸ್ಥೆ ತೆರೆದು, ಕೋಲ್ಕತಾದ ಬಳಿ ಬಾಟಾನಗರವನ್ನೇ ಕಟ್ಟಿತು. ಯಶವಂತಪುರದ ಆಚೆಯ ಪೀಣ್ಯದಲ್ಲೂ ಅದರ ಕಾರ್ಖಾನೆ ಇತ್ತು. ಬಾಟಾ ಒಂದು ವಿದೇಶಿ ಕಂಪನಿ ಎಂಬುದನ್ನೇ ನಮ್ಮ ತಂದೆಯಂದಿರು ಮರೆತಿದ್ದರು. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಅದು ಮನೆಯ ಖರ್ಚಿನ ಒಂದು ಬಾಬ್ತು, ಅಷ್ಟೆ. ಕೈಕಸುಬಿನವರಿಗೆ ಮಾತ್ರ ಈ ಅಗ್ಗದ ಶೂ ಹೊಡೆತ ಕೊಟ್ಟಿತು. ಅದಕ್ಕೆ ಉತ್ತರವೆಂಬಂತೆ ರಾಜ್ಯ ಸರಕಾರ 1976ರಲ್ಲಿ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಈಗ ಬಾಬು ಜಗಜೀವನರಾಂ ಹೆಸರಿನಲ್ಲಿರುವ ಈ ನಿಗಮವನ್ನು ಜನ ಲಿಡ್ಕರ್ ಎಂದೇ ಬಲ್ಲರು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ಜೊತೆ ಅಥಣಿ, ನಿಪ್ಪಾಣಿ ಕಡೆಯ ನಮ್ಮ ಕುಶಲಕರ್ಮಿಗಳಿಗೂ ಪಾಲು ದೊರೆತದ್ದರಲ್ಲಿ ಇದರ ಶ್ರಮವಿದೆ.

1973ರ ಒಂದು ನಿರ್ಧಾರವೂ ನಮ್ಮ ಜೇಬಿಗೆ ಸಂಬಂಧಿಸಿದ್ದು. ಆ ವರ್ಷ ಹಸಿ ಚರ್ಮದ ರಫ್ತನ್ನು ಕೇಂದ್ರ ಸರಕಾರ ನಿಲ್ಲಿಸಿತು. ಚರ್ಮ ಕಳಿಸುತ್ತಿದ್ದ ಆಂಬೂರು-ವಾಣಿಯಂಬಾಡಿಗಳು ಶೂಗಳನ್ನೇ ಹೊಲಿದು ಕಳಿಸತೊಡಗಿದವು. ಹೊರದೇಶಕ್ಕೆಂದು ಹೊಲಿದು ಉಳಿದದ್ದು, ಸಣ್ಣ ಕಲೆಯ ಕಾರಣಕ್ಕೆ ತಿರಸ್ಕೃತವಾದದ್ದು ಚೆನ್ನೈ ಹೆದ್ದಾರಿಯ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬೆಂಗಳೂರಿನಿಂದ ಅದು ಇನ್ನೂರು ಕಿಲೋಮೀಟರಿನೊಳಗಿನ ದಾರಿ. ಮದುವೆಗೋ ಮತ್ತೊಂದಕ್ಕೋ ಆ ಕಡೆ ಹೋಗುವವರು ಒಂದು ಗಂಟೆ ಅಲ್ಲಿ ಕಳೆದರೆ ನಷ್ಟವಿಲ್ಲ.

ಅಲ್ಲಿಗೆ ಹೋಗಲಾಗದವರು ನಮ್ಮ ಊರಿನ ಅಂಗಡಿಯಲ್ಲೇ ಕಣ್ಣು ತೆರೆದು ನೋಡಬೇಕು. ಮೊದಲು ಶೂವಿನ ನಾಲಿಗೆಯನ್ನು ಎತ್ತಿ ಅದರ ಕತ್ತರಿಸಿದ ಅಂಚನ್ನು ನೋಡಿ. ಚರ್ಮವಾದರೆ ನಾರು ನಾರಾಗಿ ಕಾಣುತ್ತದೆ. ರೆಕ್ಸಿನ್ ಆದರೆ ಅಡಿಯಲ್ಲಿ ಬಟ್ಟೆಯ ನೇಯ್ಗೆ, ಮೇಲೆ ಪ್ಲಾಸ್ಟಿಕ್ಕಿನ ತೆಳು ಪದರ. ‘ಜೆನ್ಯೂನ್ ಲೆದರ್’ ಎಂಬ ಮುದ್ರೆಗೆ ಮರುಳಾಗಬೇಡಿ. ಸೀಳಿದ ಚರ್ಮದ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪಿಸಿದರೂ ಅದೇ ಮುದ್ರೆ ಬೀಳುತ್ತದೆ. ಬೆರಳಿನಿಂದ ಒತ್ತಿದಾಗ ಸಣ್ಣ ಸಣ್ಣ ಗೆರೆಗಳು ಮೂಡಿ ಮಾಯವಾದರೆ ಅದು ಮೇಲ್ಪದರದ ಚರ್ಮ. ಕನ್ನಡಿಯಂತೆ ಹೊಳೆಯುವ, ಎಲ್ಲಿಯೂ ರಂಧ್ರ ಕಾಣದ ಶೂ ಅಂಗಡಿಯ ದೀಪದಲ್ಲಿ ಚೆನ್ನಾಗಿರುತ್ತದೆ. ಆರು ತಿಂಗಳಲ್ಲಿ ಮಡಿಕೆಯ ಜಾಗದಲ್ಲಿ ಬಿರಿಯುತ್ತದೆ. ಹಣ ಕಡಿಮೆ ಇದ್ದಾಗ ಅಲಂಕಾರ ಕಡಿಮೆ ಇರುವ, ಲೇಸಿನ ಸಾದಾ ಕಪ್ಪು ಶೂ ವಾಸಿ. ಜುಮಾಕ್ಕೆ ಹೋಗುವವರು ಲೇಸು ಬಿಚ್ಚುವ ತೊಂದರೆಗೆ ಹೆದರಿ ಲೇಸಿಲ್ಲದ್ದನ್ನು ಕೊಳ್ಳುತ್ತಾರೆ. ಅವರನ್ನು ನಾವು ದೂರುವುದಿಲ್ಲ, ಆದರೆ ಅಂಥದ್ದು ಹಿಗ್ಗಿದರೆ ಬಿಗಿ ಮಾಡಲು ದಾರಿಯಿಲ್ಲ.

ನಂತರ ಅಟ್ಟೆ. 1858ರಲ್ಲಿ ಲೈಮನ್ ಬ್ಲೇಕ್ ಅಟ್ಟೆಯನ್ನು ಮೇಲ್ಭಾಗಕ್ಕೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಹತ್ತು-ಹದಿನೈದು ವರ್ಷಗಳಲ್ಲಿ, ಸುತ್ತಲೂ ಚರ್ಮದ ಪಟ್ಟಿ ಕೊಟ್ಟು ಅದಕ್ಕೆ ಅಟ್ಟೆ ಹೊಲಿಯುವ ಗುಡ್‌ಇಯರ್ ವೆಲ್ಟ್ ಪದ್ಧತಿಯ ಯಂತ್ರ ಬಂತು. ಇದರ ಗುಣವೆಂದರೆ ಅಟ್ಟೆ ಸವೆದಾಗ ಬಿಚ್ಚಿ ಬೇರೆ ಹಾಕಬಹುದು. ನಮ್ಮ ಬಜೆಟ್ಟಿನ ಶೂಗಳು ಬಹುಪಾಲು ಗೋಂದಿನಿಂದ ಅಂಟಿಸಿದವು. ಕೆಲವಕ್ಕೆ ಅಂಚಿನಲ್ಲಿ ಹೊಲಿಗೆ ಕಾಣುತ್ತದೆ, ಅದು ಬರೀ ತೋರಿಕೆಯದ್ದು. ಬಗ್ಗಿಸಿ ನೋಡಿ, ಅಟ್ಟೆಯ ಅಡಿಯಲ್ಲೂ ಹೊಲಿಗೆ ಇದೆಯೇ ಎಂದು ಪರೀಕ್ಷಿಸಿ. ಗೋಂದಿನದ್ದೇ ಆದರೂ ರಬ್ಬರ್ ಅಟ್ಟೆಯದನ್ನು ಆರಿಸಿಕೊಳ್ಳಿ. ಪಿಯು ಅಟ್ಟೆ ಹಗುರ, ಆದರೆ ಗಾಳಿಯ ತೇವಕ್ಕೆ ಒಳಗೊಳಗೇ ಕರಗುತ್ತದೆ. ಅಣ್ಣನ ಮದುವೆಗೆ ಕೊಂಡು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಶೂ ನಾಲ್ಕೈದು ವರ್ಷದ ನಂತರ ತಂಗಿಯ ಮದುವೆಯ ದಿನ ಛತ್ರದ ಮೆಟ್ಟಿಲ ಮೇಲೆ ಪುಡಿಯಾಗುವುದು ಇದರಿಂದಲೇ.

ಅಳತೆಯಲ್ಲೂ ಒಂದು ಚರಿತ್ರೆಯಿದೆ. ಏಳು, ಎಂಟು ಎಂದು ನಾವು ಕೇಳುವ ನಂಬರು ಇಂಗ್ಲೆಂಡಿನದು. ಒಂದು ನಂಬರಿಗೂ ಮತ್ತೊಂದಕ್ಕೂ ಅಂತರ ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಇಂಚಿನ ಮೂರನೇ ಒಂದು ಭಾಗ. 2021-22ರಲ್ಲಿ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಸುಮಾರು ಒಂದು ಲಕ್ಷ ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಈ ಅಚ್ಚುಗಳಿಗಿಂತ ಅಗಲ ಎಂದು ಕಂಡುಬಂದು, ‘ಭ’ ಎಂಬ ಹೊಸ ಅಳತೆಯ ಪ್ರಸ್ತಾಪ ಹುಟ್ಟಿತು. ಚಪ್ಪಲಿಯಲ್ಲಿ ಬೆಳೆದ ಕಾಲು ಕಿರಿದಾದ ಮೂತಿಯ ಶೂವಿಗೆ ಹೊಂದುವುದಿಲ್ಲ ಎಂಬುದು ಸಮೀಕ್ಷೆ ಇಲ್ಲದೆಯೂ ನಮ್ಮ ಕಿರುಬೆರಳಿಗೆ ಗೊತ್ತಿತ್ತು. ಸಂಜೆ ಹೊತ್ತು, ಕಾಲು ತುಸು ಊದಿಕೊಂಡಿರುವಾಗ, ಕಾಲುಚೀಲ ಹಾಕಿಕೊಂಡು ಎರಡೂ ಕಾಲಿಗೆ ತೊಟ್ಟು ನಡೆದು ನೋಡಿ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್’ ಎಂಬ ಅಂಗಡಿಯವನ ಮಾತು ಅಗಲಕ್ಕೆ ಸ್ವಲ್ಪ ನಿಜ, ಉದ್ದಕ್ಕೆ ಪೂರ್ತಿ ಸುಳ್ಳು.

ಬೆಲೆಯ ಮಾತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಶೇ. 5ರ ತೆರಿಗೆ, ಅದರ ಮೇಲಕ್ಕೆ ಶೇ. 18. ಆದ್ದರಿಂದ ಆ ಗೆರೆಯೊಳಗೆ ಸಿಗುವ ನಿಜವಾದ ಚರ್ಮದ ಶೂವನ್ನು ಹುಡುಕುವುದು ಜಾಣತನ. ಸಾವಿರ ರೂಪಾಯಿಯ ರೆಕ್ಸಿನ್ ಶೂ ಒಂದು ವರ್ಷ ಬಂತು ಎನ್ನೋಣ. ಮೂರು ವರ್ಷಕ್ಕೆ ಮೂರು ಸಾವಿರ. 2,400ರ ಚರ್ಮದ ಶೂವಿಗೆ ಮಧ್ಯದಲ್ಲಿ ಒಮ್ಮೆ ಹಿಮ್ಮಡಿ, ಒಮ್ಮೆ ಅಟ್ಟೆ ಹಾಕಿಸಿದರೂ ಲೆಕ್ಕ ಹತ್ತಿರಹತ್ತಿರ ಅಷ್ಟೇ ಆಗುತ್ತದೆ, ಕಾಲು ಮಾತ್ರ ಸುಖವಾಗಿರುತ್ತದೆ. ಆ ನಡುವಿನ ಹಣ ಹೋಗುವುದು ಯಶವಂತಪುರದ ನಿಲ್ದಾಣದ ಬಳಿಯೋ ಆರ್.ಟಿ. ನಗರದ ತಿರುವಿನಲ್ಲೋ ರಂಪಿಗೆ ಹಿಡಿದು ಕುಳಿತವನ ಕೈಗೆ. ಅವನನ್ನೇ ಕೊಳ್ಳುವ ಮೊದಲು ಒಮ್ಮೆ ಕೇಳಿ, ಯಾವ ಅಂಗಡಿಯ ಶೂ ತನ್ನ ಬಳಿ ಬೇಗ ರಿಪೇರಿಗೆ ಬರುತ್ತದೆ ಎಂದು. ಮಳೆಯಲ್ಲಿ ನೆನೆದದ್ದನ್ನು ಬಿಸಿಲಿಗಿಡದೆ, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಬೇಕು ಎಂಬುದನ್ನೂ ಅವನೇ ಹೇಳುತ್ತಾನೆ, ಕೇಳಿದರೆ.