3ಬಿ ದರ್ಜೆ ಅಳೆಯುವುದೇನನ್ನು? ತೆರೆದ ಮುರಿತಗಳ ವರ್ಗೀಕರಣದ ಒಂದು ತಕರಾರು

ತೆರೆದ ಮೂಳೆಮುರಿತಗಳಿಗೆ ಗುಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ಹಾಕಿಕೊಟ್ಟ ಮೂರು ದರ್ಜೆಗಳು ಸುಪರಿಚಿತ. ತೀವ್ರ ಗಾಯಗಳ ಮೂರನೆಯ ದರ್ಜೆಯನ್ನು 1984ರಲ್ಲಿ ಗುಸ್ಟಿಲೊ, ಮೆಂಡೋಜಾ ಮತ್ತು ವಿಲಿಯಮ್ಸ್ ಎ, ಬಿ, ಸಿ ಎಂದು ಒಡೆದರು. ಅವರು ಕಂಡ ಸೋಂಕು 3ಎಯಲ್ಲಿ ಶೇ. 4, 3ಬಿಯಲ್ಲಿ ಶೇ. 52, 3ಸಿಯಲ್ಲಿ ಶೇ. 42. ದರ್ಜೆ ಏರಿದಂತೆ ಫಲಿತಾಂಶ ಕೆಡುತ್ತದೆ ಎನ್ನುವವರು ಈ ಅಂಕಿಗಳನ್ನೇ ಮುಂದಿಡುತ್ತಾರೆ. ರಕ್ತನಾಳ ಹರಿದ 3ಸಿಯಲ್ಲೇ ಸೋಂಕು 3ಬಿಗಿಂತ ಕಡಿಮೆಯಿದೆಯಲ್ಲ ಎಂದು ಕೇಳುವವರು ವಿರಳ.

ತಕರಾರಿರುವುದು 3ಬಿಯಲ್ಲಿ. ಮಾಂಸ ಚರ್ಮಗಳು ವ್ಯಾಪಕವಾಗಿ ನಷ್ಟವಾಗಿ, ಮೂಳೆಪೊರೆ ಕಿತ್ತು, ಮೂಳೆ ಬಯಲಾಗಿರಬೇಕು ಎಂಬುದು 1984ರ ಲಕ್ಷಣ. ವಾರ್ಡಿನ ಬಳಕೆಯಲ್ಲಿ ಅದು ‘ಫ್ಲ್ಯಾಪ್ ಬೇಕಾದ ಗಾಯ’ ಎಂದಾಗಿದೆ. ಆದರೆ ಫ್ಲ್ಯಾಪ್ ಬೇಕೋ ಬೇಡವೋ ಎಂಬುದನ್ನು ಗಾಯವೊಂದೇ ತೀರ್ಮಾನಿಸುವುದಿಲ್ಲ. ಸತ್ತ ಭಾಗವನ್ನು ಎಷ್ಟು ಕತ್ತರಿಸಿ ತೆಗೆದರು, ಪ್ಲಾಸ್ಟಿಕ್ ಸರ್ಜನ್ ಯಾವಾಗ ಸಿಕ್ಕರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಂಗರಚನೆಯದ್ದೂ ಪಾಲಿದೆ: ತೊಡೆಯ ಮೂಳೆಗೆ ಸುತ್ತಲೂ ಸ್ನಾಯುವಿನ ಹೊದಿಕೆ, ಮುಂಗಾಲಿನ ಮೂಳೆಗೆ ಮುಂಬದಿಯಲ್ಲಿ ಬರೀ ಚರ್ಮ. ಒಂದೇ ಬಲದ ಪೆಟ್ಟು ಅಲ್ಲಿ 3ಎ ಆಗಿ, ಇಲ್ಲಿ 3ಬಿ ಆಗಬಹುದು. ಬ್ರಂಬ್ಯಾಕ್ ಮತ್ತು ಜೋನ್ಸ್ 1994ರಲ್ಲಿ 245 ಶಸ್ತ್ರವೈದ್ಯರಿಗೆ ಮುಂಗಾಲಿನ ಮುರಿತಗಳನ್ನು ತೋರಿಸಿದಾಗ ಸರಾಸರಿ ಒಮ್ಮತ ಶೇ. 60ರಷ್ಟೇ ಇತ್ತು.

ಹಾಗಾಗಿ ಆ ಶೇ. 52ರಲ್ಲಿ ಗಾಯದ ತೀವ್ರತೆಯ ಜೊತೆಗೆ ಮೂಳೆ ಮುಚ್ಚುವಲ್ಲಿ ಆದ ವಿಳಂಬವೂ ಸೇರಿರಬಹುದು ಎಂದು ನನ್ನ ಊಹೆ. ಗೋಡಿನಾ 1986ರಲ್ಲಿ ವರದಿ ಮಾಡಿದ 532 ರೋಗಿಗಳಲ್ಲಿ, 72 ಗಂಟೆಯೊಳಗೆ ಫ್ಲ್ಯಾಪ್ ಹಾಕಿದವರಿಗೆ ಸೋಂಕು ಶೇ. 1.5, ಅಲ್ಲಿಂದ ಮೂರು ತಿಂಗಳೊಳಗೆ ಹಾಕಿಸಿಕೊಂಡವರಿಗೆ ಶೇ. 17.5. ಇದನ್ನು ಪುರಾವೆ ಎನ್ನಲಾರೆ. ಅವರು ಯಾದೃಚ್ಛಿಕವಾಗಿ ಹಂಚಿದ ಗುಂಪುಗಳಲ್ಲ. ಸ್ಥಿತಿ ಉತ್ತಮವಿದ್ದವರೇ ಬೇಗ ಮೇಜಿಗೇರಿರಬಹುದು. ಎರಡೂ ಸರಣಿಗಳ ರೋಗಿಗಳು ಒಂದೇ ಬಗೆಯವರೂ ಅಲ್ಲ. ಇಷ್ಟಾದರೂ ವಿಳಂಬವನ್ನು ಬಿಟ್ಟು ಆ ಅಂಕಿಯನ್ನು ಓದುವುದು ನನಗೆ ಕಷ್ಟ.

ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ರಾಜಶೇಖರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಈ ಗಂಟನ್ನು ಭಾಗಶಃ ಬಿಚ್ಚುತ್ತದೆ. ಚರ್ಮ, ಮೂಳೆ, ಸ್ನಾಯು-ನರಗಳಿಗೆ ತಲಾ 1ರಿಂದ 5 ಅಂಕ. ಇತರ ತೊಡಕು ಒಂದೊಂದಕ್ಕೆ 2. ಸತ್ತ ಭಾಗ ತೆಗೆಯುವಲ್ಲಿ ಹನ್ನೆರಡು ಗಂಟೆ ಮೀರಿದ ವಿಳಂಬವೂ ಇಲ್ಲೊಂದು ತೊಡಕೇ, ಆದರೆ ಗಾಯದೊಳಗೆ ಅಡಗದೆ ಬೇರೆಯಾಗಿ ನಿಂತಿದೆ. ಮೊತ್ತ 14ರವರೆಗಿದ್ದರೆ ಕಾಲು ಉಳಿಸಲು ಯತ್ನ, 17 ಮುಟ್ಟಿದರೆ ಅಂಗಚ್ಛೇದನದತ್ತ ಒಲವು, ನಡುವಿನದು ವೈದ್ಯರ ವಿವೇಚನೆಗೆ.

ಆದರೆ ಅಂಕ ಹಾಕುವುದು ಸತ್ತ ಭಾಗ ತೆಗೆದ ಮೇಲೆ. ಬೇರೆಡೆ ಒಮ್ಮೆ ಶುಚಿಗೊಳಿಸಿ ಕಳಿಸಿದ ರೋಗಿಯ ಅಂಕದಲ್ಲಿ ಪೆಟ್ಟಿನ ಪಾಲೆಷ್ಟು, ಮೊದಲ ಕತ್ತರಿಯ ಪಾಲೆಷ್ಟು? ಈ ಅಂಕಗಳು ಅದನ್ನು ಬೇರ್ಪಡಿಸುವುದಿಲ್ಲ.