ಹಾನಗಲ್ಲ ಸೀಮೆಯ ಗಾಯನವೂ ಸ್ವರ ತಿದ್ದುವ ಯಂತ್ರವೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಗಾಯಕರು ಮನೆಯಲ್ಲಿಯೇ ಧ್ವನಿಮುದ್ರಣ ಮಾಡಿಕೊಳ್ಳುವಾಗ, ಸ್ವರ ತಿದ್ದುವ ಸಾಧನಗಳಲ್ಲಿ ಯಾವುದನ್ನು ಆರಿಸಬೇಕು? ಈ ಪ್ರಶ್ನೆ ಹೊಸತೆಂದು ನಮಗೆ ತೋರುವುದಿಲ್ಲ. ಹಾರ್ಮೋನಿಯಂ ಬಂದಾಗಲೇ ಎದ್ದುದು. ಅಖಿಲ ಭಾರತ ರೇಡಿಯೋ 1940ರಲ್ಲಿ ಆ ವಾದ್ಯವನ್ನು ನಿಷೇಧಿಸಿತು. 1971ರಲ್ಲಿ ನಿಷೇಧ ಸಡಿಲಿತು. ಸಪ್ತಕವನ್ನು 1200 ಸೆಂಟುಗಳೆಂದೆಣಿಸಿದರೆ ಅದರ ಶುದ್ಧ ಗಾಂಧಾರವು 400ರಲ್ಲಿ ನಿಲ್ಲುತ್ತದೆ. ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವು ಸುಮಾರು 386. ಮೀಂಡಿಗಂತೂ ಅಲ್ಲಿ ಎಡೆಯೇ ಇಲ್ಲ. ಆದರೂ ಹಾನಗಲ್ಲ ತಾಲೂಕಿನಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂ ವಾದನದಲ್ಲಿ ನಿಪುಣರೆನಿಸಿದ್ದರು.

1997ರಲ್ಲಿ ಬಂದ ಆಟೋ-ಟ್ಯೂನ್, ಅದರಷ್ಟಕ್ಕೆ ಬಿಟ್ಟರೆ, ಕಂಠವನ್ನು ಅದೇ ಹನ್ನೆರಡು ಮನೆಗಳಿಗೆ ಎಳೆಯುತ್ತದೆ. ತಿದ್ದುವ ವೇಗ ಹೆಚ್ಚಿದಷ್ಟೂ ಮೀಂಡು ಮೆಟ್ಟಿಲುಮೆಟ್ಟಿಲಾಗುತ್ತದೆ. ಆದುದರಿಂದ ಷಡ್ಜವನ್ನು ಗಾಯಕನ ತಂಬೂರಿಗೆ ಹೊಂದಿಸಲು, ಒಂದೊಂದು ಸ್ವರವನ್ನೂ ಬಿಡಿಯಾಗಿ ಸೆಂಟುಗಳಲ್ಲಿ ಸರಿಸಲು ಅವಕಾಶವೀಯುವ ಮೆಲೊಡೈನ್‌ನಂಥ ಸಾಧನವನ್ನೇ ನಾವು ಮೇಲೆಂದು ಬಗೆಯುತ್ತೇವೆ. ಅದು ಸ್ವರವನ್ನು ಗೆರೆಯಾಗಿ ಕಣ್ಣಿಗೆ ತೋರಿಸುತ್ತದೆ. ದೃಷ್ಟಿಹೀನರಾದ ಗವಾಯಿಗಳಿಗೆ ಆ ನೆರವು ಬೇಕಾಗಿರಲಿಲ್ಲವೆಂಬುದು ಬೇರೆ ಮಾತು.

ಒಂದೇ ಕಂಠಕ್ಕೆ ಜೊತೆದನಿಗಳನ್ನು ಕೂಡಿಸುವ ಯಂತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವು ಸಾಮಾನ್ಯವಾಗಿ ಮೂರನೆಯ ಸ್ವರವನ್ನು ಜೋಡಿಸುತ್ತವೆ. ಭೂಪ ರಾಗದ ರಿಷಭವನ್ನು ಹಾಡಿದರೆ ಜೊತೆದನಿಯು ಮಧ್ಯಮವನ್ನು ನುಡಿಯುತ್ತದೆ. ಆ ರಾಗದಲ್ಲಿ ಮಧ್ಯಮವೇ ಇಲ್ಲ.